ಬಸುರಿಗೆ ಯೋಗ: ಕಲಿಸುವವರು ಮೊದಲು ಕಲಿಯಬೇಕಾದದ್ದು

(ಮಹಿಳಾ ಸಮಾಜವೊಂದರ ಸಭೆಯಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಪಠ್ಯ)



ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಯೋಗಚಿಕಿತ್ಸೆ ನೀಡುವವರ ತರಬೇತಿಯ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ವೈದ್ಯಳಲ್ಲ, ಯೋಗ ಶಿಕ್ಷಕಿಯೂ ಅಲ್ಲ. ಪತ್ರಿಕೆಗೆ ವರದಿ ಬರೆಯುವವಳು. ಯಾರು, ಎಲ್ಲಿ, ಯಾವಾಗ, ಏಕೆ ಎಂದು ಕೇಳುವುದು ನಮ್ಮ ಕಸುಬು. ಈ ಪದ್ಧತಿ ಎಲ್ಲಿಂದ ಬಂತು? ಇದನ್ನು ಹೇಳಿಕೊಡುವವರಿಗೆ ಏನೇನು ಗೊತ್ತಿರಬೇಕು? ಈ ಎರಡು ಪ್ರಶ್ನೆಗಳನ್ನು ಮಾತ್ರ ಇಂದು ಎತ್ತಿಕೊಳ್ಳುತ್ತೇನೆ.

ಗರ್ಭಿಣಿಯರ ಯೋಗ ಸಾವಿರಾರು ವರ್ಷಗಳಿಂದ ನಡೆದುಬಂದ ವಿದ್ಯೆ ಎಂದು ಜಾಹೀರಾತುಗಳು ಹೇಳುತ್ತವೆ. ಗ್ರಂಥಗಳನ್ನು ನೋಡಿದರೆ ಚಿತ್ರ ಬೇರೆಯೇ. ಹದಿನೈದನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ‘ಹಠಯೋಗ ಪ್ರದೀಪಿಕೆ’ಯ ಕಣ್ಣ ಮುಂದಿರುವವನು ಪುಟ್ಟ ಮಠದಲ್ಲಿ ಒಂಟಿಯಾಗಿ ಕುಳಿತ ಸಾಧಕ. ಬಸಿರು, ಬಾಣಂತನ ಅವನ ಚಿಂತೆಯಲ್ಲ. ಚರಕ, ಸುಶ್ರುತ ಸಂಹಿತೆಗಳಲ್ಲಿ ಗರ್ಭಿಣಿಯ ಆಹಾರ ಮತ್ತು ಆರೈಕೆ ತಿಂಗಳು ತಿಂಗಳಿಗೆ ಹೇಗಿರಬೇಕೆಂಬ ವಿವರ ಉಂಟು. ಆದರೆ ಅಲ್ಲಿ ಆಸನಗಳ ಪಾಠವಿಲ್ಲ. ಇವೆರಡನ್ನೂ ಒಂದೆಡೆ ತಂದು ಬಸುರಿಗೆಂದೇ ಅಭ್ಯಾಸಕ್ರಮ ಕಟ್ಟಿದ್ದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಕೆಲಸ. ಅದರ ಒಂದು ಮುಖ್ಯ ಬೇರು ನಮ್ಮ ಮೈಸೂರಿನಲ್ಲೇ ಇದೆ.

ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದರು. 1934ರಲ್ಲಿ ಅವರ ‘ಯೋಗ ಮಕರಂದ’ ಹೊರಬಂದದ್ದು ಕನ್ನಡದಲ್ಲಿ. ಶಾಲೆಯಲ್ಲಿ ಕಲಿಯುತ್ತಿದ್ದವರು ಹೆಚ್ಚಾಗಿ ಹುಡುಗರು. ರಿಗಾ ನಗರದಲ್ಲಿ ಹುಟ್ಟಿ, ಮುಂದೆ ಇಂದ್ರಾದೇವಿ ಎಂದು ಹೆಸರಾದ ಮಹಿಳೆ 1937ರಲ್ಲಿ ಕಲಿಯಲು ಬಂದಾಗ ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡರು. ಅದೇ ಆಚಾರ್ಯರು ನಾಥಮುನಿಗಳಿಂದ ಬಂದದ್ದೆಂದು ಪಾಠ ಹೇಳುತ್ತಿದ್ದ ‘ಯೋಗ ರಹಸ್ಯ’ದಲ್ಲಿ ಹೆಂಗಸರಿಗೆ ಯೋಗದಲ್ಲಿ ವಿಶೇಷ ಅಧಿಕಾರವಿದೆ ಎಂಬ ಮಾತಿದೆ, ಗರ್ಭಿಣಿಯ ಅಭ್ಯಾಸದ ಪ್ರಸ್ತಾಪವೂ ಇದೆ. ಅವರ ಶಿಷ್ಯರೂ ಭಾವಮೈದುನರೂ ಆದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಪುಣೆಯಲ್ಲಿ ದಿಂಬು, ಹಗ್ಗ, ಕುರ್ಚಿಗಳ ಆಸರೆ ಕೊಟ್ಟು ಆಸನ ಮಾಡಿಸುವ ಕ್ರಮ ಬೆಳೆಸಿದರು. ಬಸುರಿಗೆ ಈ ಆಸರೆಯೇ ದೊಡ್ಡ ವರವಾಯಿತು. ಅಯ್ಯಂಗಾರರ ಮಗಳು ಗೀತಾ ಅವರು ಸ್ತ್ರೀಯರಿಗಾಗಿ ಬರೆದ, 1983ರಲ್ಲಿ ಇಂಗ್ಲಿಷಿನಲ್ಲಿ ಬಂದ ಪುಸ್ತಕ ಗರ್ಭಿಣಿಯರ ಅಭ್ಯಾಸವನ್ನು ಮನೆಮನೆಗೆ ತಲುಪಿಸಿತು.

ಮೈಸೂರು, ಪುಣೆಗಳಲ್ಲಿ ಅನುಭವದಿಂದ ಬೆಳೆದ ಇದನ್ನು ಅಳೆದು ನೋಡುವ ಕೆಲಸ ಬೆಂಗಳೂರಿನಲ್ಲಿ ನಡೆಯಿತು. ಜಿಗಣಿಯ ವಿವೇಕಾನಂದ ಯೋಗ ಸಂಸ್ಥೆಯ ಸಂಶೋಧಕರು ನಗರದ ಹೆರಿಗೆ ಆಸ್ಪತ್ರೆಯೊಂದರ ವೈದ್ಯರೊಡನೆ ಸೇರಿ 335 ಗರ್ಭಿಣಿಯರ ಅಧ್ಯಯನವನ್ನು 2005ರಲ್ಲಿ ಪ್ರಕಟಿಸಿದರು. 169 ಮಂದಿ ದಿನಕ್ಕೊಂದು ಗಂಟೆ ಯೋಗ ಮಾಡಿದರು. 166 ಮಂದಿ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ನಡೆದರು. ಯೋಗದ ಗುಂಪಿನಲ್ಲಿ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಕದ ಮಕ್ಕಳು ಹೆಚ್ಚು ಹುಟ್ಟಿದವು, ದಿನ ತುಂಬದ ಹೆರಿಗೆ ಕಡಿಮೆಯಾಯಿತು. ಇದು ಸಂತೋಷದ ಸುದ್ದಿ. ಆದರೆ ಚೀಟಿ ಎತ್ತಿ ಗುಂಪು ಮಾಡಿದ ಪರೀಕ್ಷೆ ಇದಲ್ಲ ಎಂಬುದನ್ನೂ ನೆನಪಿಡಬೇಕು. ಯೋಗದಿಂದ ಸಹಜ ಹೆರಿಗೆ ಖಂಡಿತ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಹೆರಿಗೆಯ ವಿಷಯದಲ್ಲಿ ಅಂಥ ಮಾತು ಕೊಡುವ ಶಕ್ತಿ ಯಾರಿಗೂ ಇಲ್ಲ. ಅದನ್ನು ನಂಬಿದ ತಾಯಿಗೆ ಸಿಸೇರಿಯನ್ ಆದರೆ, ತನ್ನದೇ ತಪ್ಪೆಂದು ಕೊರಗುವ ಪಾಡು ಅವಳದಾಗುತ್ತದೆ.

ಈಗ ತರಬೇತಿಗೆ ಬರೋಣ. ಅಮೆರಿಕದ ಯೋಗ ಅಲೈಯನ್ಸ್ ಎಂಬ ಸಂಸ್ಥೆಯ ಗರ್ಭಿಣಿಯರ ಯೋಗ ಶಿಕ್ಷಣಕ್ರಮ 85 ಗಂಟೆಗಳದ್ದು. ನಮ್ಮಲ್ಲೂ ಅನೇಕ ಶಾಲೆಗಳು ಇದನ್ನೇ ಅನುಸರಿಸುತ್ತವೆ. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೆ ಸುಮಾರು ಹನ್ನೊಂದು ದಿನ. ಇದಕ್ಕೆ ಮೊದಲು ಸಾಮಾನ್ಯ ಯೋಗದ 200 ಗಂಟೆಗಳ ಶಿಕ್ಷಣ ಆಗಿರಬೇಕು. ‘ಚಿಕಿತ್ಸೆ’ ಎಂಬ ಮಾತು ಬಂದರೆ ಅಳತೆಯೇ ಬೇರೆ. ಅಂತರರಾಷ್ಟ್ರೀಯ ಯೋಗ ಚಿಕಿತ್ಸಕರ ಸಂಘ ಕನಿಷ್ಠ 800 ಗಂಟೆಗಳ ಶಿಕ್ಷಣ ಕೇಳುತ್ತದೆ. 2016ರಲ್ಲಿ ಯೋಗ ಅಲೈಯನ್ಸ್ ತನ್ನ ಶಿಕ್ಷಕರು ಆ ನೋಂದಣಿಯ ಬಲದ ಮೇಲೆ ತಮ್ಮ ಕೆಲಸವನ್ನು ಯೋಗಚಿಕಿತ್ಸೆ ಎಂದು ಕರೆದುಕೊಳ್ಳಬಾರದೆಂದು ಹೇಳಿತು. ನಮ್ಮ ಕೇಂದ್ರ ಆಯುಷ್ ಸಚಿವಾಲಯದ ಅಡಿಯಲ್ಲಿ 2018ರಲ್ಲಿ ಬಂದ ಯೋಗ ಪ್ರಮಾಣೀಕರಣ ಮಂಡಳಿಯೂ ಶಿಕ್ಷಕರಿಗೆ ಮತ್ತು ಚಿಕಿತ್ಸಕರಿಗೆ ಬೇರೆ ಬೇರೆ ಹಂತಗಳನ್ನು ಇಟ್ಟಿದೆ. ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರ ಯಾವುದೆಂದು ನೋಡಬೇಕಾದದ್ದು ಇದಕ್ಕಾಗಿ.

ಗಂಟೆಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಆ ಗಂಟೆಗಳಲ್ಲಿ ಏನು ಕಲಿಸುತ್ತಾರೆ ಎಂಬುದು. ಒಳ್ಳೆಯ ತರಬೇತಿಯ ಅರ್ಧಭಾಗ ಯಾವುದನ್ನು ಮಾಡಿಸಬಾರದು ಎಂಬ ಪಾಠವೇ. ಗರ್ಭ ನಿಂತ ಮೇಲೆ ಹೆಣ್ಣಿನ ಮೈಯಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ರಿಲ್ಯಾಕ್ಸಿನ್ ಮೊದಲಾದ ಹಾರ್ಮೋನುಗಳಿಂದ ಕೀಲುಗಳ ಕಟ್ಟು ಸಡಿಲವಾಗುತ್ತದೆ. ಮೈ ಚೆನ್ನಾಗಿ ಬಾಗುತ್ತಿದೆ ಎಂದು ಶಿಕ್ಷಕಿ ಇನ್ನಷ್ಟು ಬಾಗಿಸಿದರೆ ಉಳುಕು, ಸೊಂಟನೋವು ಬರಬಹುದು. ಐದನೆಯ ತಿಂಗಳು ದಾಟಿದ ಮೇಲೆ ಬಹಳ ಹೊತ್ತು ಅಂಗಾತ ಮಲಗಿದರೆ, ಕಾಲುಗಳಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ಸಿರೆಯನ್ನು ಗರ್ಭದ ಭಾರ ಒತ್ತುತ್ತದೆ. ತಲೆ ಸುತ್ತುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು. ಅದಕ್ಕೇ ಬಸುರಿಯ ಶವಾಸನ ಎಡಮಗ್ಗುಲಲ್ಲಿ, ಮೊಣಕಾಲುಗಳ ನಡುವೆ ದಿಂಬಿಟ್ಟು ಮಾಡುವಂಥದ್ದು. ಕಪಾಲಭಾತಿ, ಭಸ್ತ್ರಿಕಾ, ಉಡ್ಡಿಯಾನ ಬಂಧ, ನೌಲಿ, ಉಸಿರು ಕಟ್ಟುವ ಕುಂಭಕ, ಹೊಟ್ಟೆ ಮೇಲೆ ಭಾರ ಬೀಳುವ ಆಸನಗಳು ಬೇಡ. ಉಳಿಯುವುದು ಸರಳವಾದವು: ಬದ್ಧಕೋನಾಸನ, ಗೋಡೆಯ ಆಸರೆಯ ನಿಂತ ಆಸನಗಳು, ಉಸಿರು ಹಿಡಿಯದ ನಾಡಿಶುದ್ಧಿ, ಭ್ರಾಮರಿ.

ಇದರ ಜೊತೆಗೆ ಅಪಾಯದ ಸೂಚನೆಗಳು ಬಾಯಿಪಾಠವಾಗಿರಬೇಕು. ರಕ್ತಸ್ರಾವ, ನೀರು ಒಡೆಯುವುದು, ಕಣ್ಣು ಮಂಜಾಗುವಂಥ ತಲೆನೋವು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಚಾಪೆ ಸುತ್ತಿಟ್ಟು ಆಸ್ಪತ್ರೆಗೆ ಕಳುಹಿಸಬೇಕು. ಅಲ್ಲಿ ಯೋಗದ ಮಾತಿಲ್ಲ. ಹಾಗೆ ನೋಡಿದರೆ ಬಸಿರು ರೋಗವಲ್ಲ. ಅದಕ್ಕೆ ‘ಚಿಕಿತ್ಸೆ’ ಎಂದು ಹೆಸರಿಟ್ಟ ಮೇಲೆ, ಎಲ್ಲಿ ಕೈ ಹಾಕಬಾರದೆಂಬುದು ಚಿಕಿತ್ಸಕಿಗೆ ಗೊತ್ತಿರಲೇಬೇಕು.

ಇನ್ನು ಬಾಣಂತಿಯ ವಿಷಯ. ಸೀಮಂತದವರೆಗೆ ಎಲ್ಲರ ಕಣ್ಣೂ ಬಸುರಿಯ ಮೇಲೆ, ಹೆತ್ತ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆ. ಅನೇಕ ಯೋಗ ತರಗತಿಗಳೂ ಹೆರಿಗೆಗೇ ಮುಗಿದುಹೋಗುತ್ತವೆ. ತವರಿನ ಬಾಣಂತನದಲ್ಲಿ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಹತ್ತಿ ಸೀರೆಯಲ್ಲಿ ಹೊಟ್ಟೆ ಕಟ್ಟುವುದು ಇವೆಲ್ಲ ಇವೆ. ಅದರ ತಿರುಳು ವಿಶ್ರಾಂತಿ ಮತ್ತು ಜೊತೆಗೊಬ್ಬರು ಇರುವುದು. ಯೋಗ ಕಲಿಸುವವರು ಇದನ್ನು ಗೌರವಿಸಿ ಇದರ ಪಕ್ಕದಲ್ಲಿ ನಿಲ್ಲಬೇಕು. ಮೊದಲ ದಿನಗಳಲ್ಲಿ ಮಲಗಿದಲ್ಲೇ ಉಸಿರಾಟ, ಮೂಲಬಂಧದ ರೀತಿಯಲ್ಲಿ ಕೆಳಸೊಂಟದ ಸ್ನಾಯುಗಳನ್ನು ಮೆಲ್ಲಗೆ ಬಿಗಿದು ಬಿಡುವುದು, ಇಷ್ಟೇ. ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವುದನ್ನು ಎಷ್ಟೋ ತಾಯಂದಿರು ನಾಚಿಕೆಯಿಂದ ಹೇಳುವುದೇ ಇಲ್ಲ. ಅದಕ್ಕೆ ಪರಿಹಾರ ಉಂಟು. ಹೊಟ್ಟೆಯ ನಡುವಿನ ಸ್ನಾಯುಗಳು ಬಿಟ್ಟುಕೊಂಡಿವೆಯೇ ಎಂದು ಬೆರಳಿನಿಂದ ಪರೀಕ್ಷಿಸದೆ ಹೊಟ್ಟೆ ಕರಗಿಸುವ ವ್ಯಾಯಾಮ ಮಾಡಿಸುವುದು ತಪ್ಪು. ಸಿಸೇರಿಯನ್ ಆದವರಿಗೆ ವೈದ್ಯರ ಒಪ್ಪಿಗೆ ಮೊದಲು ಬೇಕು.

ಮನಸ್ಸಿನ ಮಾತು ಎಲ್ಲಕ್ಕಿಂತ ಮುಖ್ಯ. ‘ಬಾಣಂತಿ ಸನ್ನಿ’ ಎಂಬ ಪದ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹೆರಿಗೆಯಾದ ಕೆಲದಿನ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ ಅದು ಖಿನ್ನತೆ ಇರಬಹುದು, ವೈದ್ಯರು ಬೇಕು. ಮಗು ಬೇಡ, ಬದುಕು ಬೇಡ ಎಂಬ ಮಾತು ಬಂದರೆ, ಇಲ್ಲದ್ದು ಕಂಡಂತೆ ಕೇಳಿದಂತೆ ಆದರೆ, ಒಂದು ದಿನವೂ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ತೆರೆಯಿತು. ದೇಶದಲ್ಲಿ ಅದೇ ಮೊದಲನೆಯದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ವಾರಕ್ಕೆರಡು ಸಲ ಬಾಣಂತಿಯ ಮುಖ ನೋಡುವ ಯೋಗ ಶಿಕ್ಷಕಿ ಈ ಬದಲಾವಣೆಯನ್ನು ಮನೆಯವರಿಗಿಂತ ಮೊದಲೇ ಗುರುತಿಸಬಲ್ಲಳು. ಅವಳ ತರಬೇತಿಯಲ್ಲಿ ಈ ಪಾಠ ಇರದಿದ್ದರೆ ಒಂದು ಜೀವ ಉಳಿಸುವ ಅವಕಾಶ ಕೈತಪ್ಪಿದಂತೆ.

ಆದ್ದರಿಂದ ಮಗಳನ್ನೋ ಸೊಸೆಯನ್ನೋ ತರಗತಿಗೆ ಸೇರಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ನೀವು ಎಷ್ಟು ಗಂಟೆ, ಎಲ್ಲಿ ಕಲಿತಿರಿ? ವೈದ್ಯರ ಚೀಟಿ ಕೇಳುತ್ತೀರಾ? ಯಾರಿಗೆ ಯೋಗ ಬೇಡವೆನ್ನುತ್ತೀರಿ? ಹೆರಿಗೆಯಾದ ಮೇಲೆ ಏನು ಕಲಿಸುತ್ತೀರಿ? ಮೂರನೆಯ ಪ್ರಶ್ನೆಗೆ ‘ಎಲ್ಲರಿಗೂ ಯೋಗ ಒಳ್ಳೆಯದೇ’ ಎಂಬ ಉತ್ತರ ಬಂದರೆ, ನಮಸ್ಕಾರ ಹೇಳಿ ಬೇರೆ ಕಡೆ ವಿಚಾರಿಸಿ.