ಗೊತ್ತಿಲ್ಲ ಅಂತ ಹೇಳೋದಕ್ಕೆ ಒಂದು ಜಾಗ

(ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಸಿಸ್ಟರ್ ಆಡಿದ ಮಾತುಗಳ ಬರಹ ರೂಪ)



ಇವತ್ತು ನಾನು ಮಾತಾಡಬೇಕೆಂದಿರುವುದು ಮೊದಲ ಸೆಮಿಸ್ಟರಿನಲ್ಲಿ ಎರಡು ಸಬ್ಜೆಕ್ಟ್ ಹೋದ ಮಕ್ಕಳ ಬಗ್ಗೆ. ರ‍್ಯಾಂಕ್ ಬಂದವರಿಗೆ ಶಾಲು ಹೊದಿಸುವ ಸಭೆಗಳು ಬೇಕಾದಷ್ಟು ನಡೆಯುತ್ತವೆ. ಸಬ್ಜೆಕ್ಟ್ ಹೋದವರನ್ನು ಕೂರಿಸಿಕೊಂಡು "ಏನಾಯ್ತಪ್ಪ?" ಅಂತ ಕೇಳುವ ಸಭೆ ಬಹಳ ಕಡಿಮೆ. ಪಿ.ಯು.ಸಿ.ಯಲ್ಲಿ ಪಾಸಾದ, ಊರಿನಲ್ಲಿ "ನಮ್ಮ ಹುಡುಗಿ ಸೈನ್ಸು" ಅಂತ ಹೆಸರಾದ ಮಗು, ಡಿಗ್ರಿಗೆ ಬಂದ ಆರು ತಿಂಗಳಿಗೇ ಯಾಕೆ ಮಂಕಾಗುತ್ತದೆ? ಬುದ್ಧಿ ಆರು ತಿಂಗಳಲ್ಲಿ ಕಡಿಮೆಯಾಗುತ್ತದೆಯೇ? ಇಲ್ಲ. ಕೇಳುವುದಕ್ಕೆ ಯಾರೂ ಇರುವುದಿಲ್ಲ, ಅಷ್ಟೇ.

ಪಿ.ಯು.ಸಿ.ವರೆಗೆ ಟ್ಯೂಷನ್ ಇದೆ. ಸಿ.ಇ.ಟಿ., ನೀಟ್ ಹೆಸರಿನಲ್ಲಿ ಬೋರ್ಡು ಹಾಕಿರುವ ಮನೆಗಳು ಚಿಕ್ಕಮಗಳೂರಿನಲ್ಲಿ ಎಷ್ಟೋ ಇವೆ. ಆದರೆ ಬಿ.ಎಸ್ಸಿ. ಮೊದಲ ವರ್ಷದ ಕ್ಯಾಲ್ಕುಲಸ್ ಅಥವಾ ಭೌತ ರಸಾಯನಶಾಸ್ತ್ರ ಹೇಳಿಕೊಡುತ್ತೇವೆ ಎನ್ನುವ ಬೋರ್ಡನ್ನು ನೀವು ಎಲ್ಲಾದರೂ ನೋಡಿದ್ದೀರಾ? ಡಿಗ್ರಿ ಸೈನ್ಸಿಗೆ ಮಾರ್ಕೆಟ್ ಇಲ್ಲ. ಡಾಕ್ಟರು, ಎಂಜಿನಿಯರು ಆಗಲಾರದವರು ಬಂದು ಸೇರುವ ಜಾಗ ಅಂತ ಜನ ತಿಳಿದಿದ್ದಾರೆ. ನಾನು ಹಾಗೆ ತಿಳಿದಿಲ್ಲ. ನಮ್ಮ ಹೈಸ್ಕೂಲುಗಳಿಗೆ ನಾಳೆ ಗಣಿತ, ವಿಜ್ಞಾನದ ಮೇಷ್ಟ್ರು ಬರಬೇಕಾದರೆ ಇಲ್ಲಿಂದಲೇ ಬರಬೇಕು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ನಮ್ಮ ಮಗ್ಗುಲಲ್ಲೇ ಇದೆ. ಅದರ ಪ್ರಯೋಗಾಲಯದಲ್ಲಿ ಲೈನ್ ಮನೆಯ ಮಗು ಕೆಲಸ ಮಾಡಬಾರದು ಅಂತ ಎಲ್ಲಿಯೂ ಬರೆದಿಲ್ಲ.

ಈ ಮಕ್ಕಳ ದಿನ ಹೇಗಿರುತ್ತದೆ ನೋಡಿ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್. ಹಾಸ್ಟೆಲ್ ಸಿಕ್ಕಿದರೆ ಸರಿ. ಸಿಗದವರು ನೆಂಟರ ಮನೆಯಲ್ಲಿ ಇರುತ್ತಾರೆ, ಇಲ್ಲವೇ ಮೂಡಿಗೆರೆಯ ಕಡೆಯಿಂದ ದಿನಾ ಓಡಾಡುತ್ತಾರೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರ. ಆದರೆ ಒಳಗಿನ ಊರುಗಳಿಗೆ ಸರ್ಕಾರಿ ಬಸ್ಸೇ ಅಪರೂಪ. ಕೊಪ್ಪದ ಕಾರ್ಮಿಕರು ತಾವೇ ಕಟ್ಟಿ ನಡೆಸುತ್ತಿದ್ದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತುಹೋಯಿತು. ಹಾಗಾಗಿ ಕೊನೇ ಪೀರಿಯಡ್ ಮುಗಿಯುವ ಮೊದಲೇ ಮಗುವಿನ ಕಣ್ಣು ಗಡಿಯಾರದ ಮೇಲೆ. ಡೌಟ್ ಕೇಳೋದಕ್ಕೆ ನಿಂತರೆ ಬಸ್ ಹೋಗುತ್ತದೆ. ಜುಲೈ, ಆಗಸ್ಟ್ ಬಂತೆಂದರೆ ಮಳೆ, ರಜೆ, ಕರೆಂಟಿಲ್ಲ. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡವೇ ಜರಿದದ್ದು ನಿಮಗೆ ನೆನಪಿರಬೇಕು. ಮಳೆ ನಿಂತು ನವೆಂಬರ್ ಆಯಿತೆಂದರೆ ಅರೇಬಿಕಾ ಕುಯ್ಲು, ಅದರ ಹಿಂದೆಯೇ ರೋಬಸ್ಟಾ. ಮನೆಯಲ್ಲಿ ಒಂದು ಕೈ ಹೆಚ್ಚಿದ್ದರೆ ಅಷ್ಟು ಕೆ.ಜಿ. ಹೆಚ್ಚು. "ನಾಲ್ಕು ದಿನ ಬಾ ಮಗ" ಅಂತ ಅಮ್ಮ ಕರೆದರೆ ಯಾವ ಮಗಳು ಬರಲ್ಲ ಅನ್ನುತ್ತಾಳೆ? ಆ ನಾಲ್ಕು ದಿನದಲ್ಲಿ ತರಗತಿಯಲ್ಲಿ ಒಂದು ಅಧ್ಯಾಯವೇ ಮುಗಿದಿರುತ್ತದೆ.

ಇದರ ಮೇಲೆ ಭಾಷೆ. ಎಸ್.ಎಸ್.ಎಲ್.ಸಿ.ವರೆಗೆ "ವೇಗೋತ್ಕರ್ಷ" ಅಂತ ಕಲಿತದ್ದು ಈಗ "ಆಕ್ಸಿಲರೇಷನ್". ವಿಷಯ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಹೆಸರು ಗೊತ್ತಿಲ್ಲದ ಮಗು ತನಗೆ ವಿಷಯವೇ ಗೊತ್ತಿಲ್ಲ ಅಂತ ತಿಳಿದುಕೊಂಡು ಹಿಂದಿನ ಬೆಂಚಿಗೆ ಹೋಗುತ್ತದೆ. ಅಲ್ಲಿಂದ ಬಾಗಿಲಿಗೆ ಬಹಳ ದೂರ ಇಲ್ಲ. ಓದು ಬಿಟ್ಟ ಹುಡುಗಿಗೆ ಮುಂದೆ ಏನು ಕಾದಿದೆ ಎಂದು ಇಲ್ಲಿ ಕುಳಿತಿರುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್, ಇಲ್ಲವೇ ಹತ್ತೊಂಬತ್ತಕ್ಕೆ ಮದುವೆ.

ಉಪನ್ಯಾಸಕರನ್ನು ದೂರುವುದಕ್ಕೆ ನಾನು ಬಂದಿಲ್ಲ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತವರು ಬಹುಪಾಲು ಅತಿಥಿ ಉಪನ್ಯಾಸಕರು. 2021ರ ಕೊನೆಯಲ್ಲಿ, ಮತ್ತೆ 2023ರ ಕೊನೆಯಲ್ಲಿ ಅವರು ಬೀದಿಗಿಳಿದು ಕೂತಿದ್ದು ನ್ಯಾಯವಾದ ಬೇಡಿಕೆಗೇ. ಆದರೆ ಆ ವಾರಗಳಲ್ಲಿ ಪಾಠ ನಿಂತದ್ದೂ ನಿಜ. ಇದರ ಜೊತೆಗೆ ಪದ್ಧತಿಯೇ ಬದಲಾಗುತ್ತಾ ಬಂತು. 2021ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಅಕ್ಕ ಓದಿದ ಸಿಲಬಸ್ ತಂಗಿಗಿಲ್ಲ. ಹಳೇ ಪದ್ಧತಿಯಲ್ಲಿ ಸಬ್ಜೆಕ್ಟ್ ಉಳಿಸಿಕೊಂಡವರಿಗೆ ಜೊತೆಯಲ್ಲಿ ಓದುವವರೇ ಇಲ್ಲ.

ಹಾಗಾದರೆ ಏನು ಮಾಡೋಣ? ನೀವೇ ಒಬ್ಬರಿಗೊಬ್ಬರು ಹೇಳಿಕೊಡಿ ಅನ್ನುತ್ತೇನೆ. "ಸಿಸ್ಟರ್, ಇದೇನು ಹೊಸ ವಿಷಯವಾ?" ಅಂತ ಕೇಳಬಹುದು. ಅಲ್ಲವೇ ಅಲ್ಲ. ನಮ್ಮ ಹಳ್ಳಿಯ ಕೂಲಿಮಠಗಳು ನಡೆದದ್ದೇ ಹೀಗೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ ಶಾಲೆಗಳನ್ನು ಲೆಕ್ಕ ಹಾಕಿಸಿದ. ಒಟ್ಟು 533 ಸಿಕ್ಕವು, ಅದರಲ್ಲಿ 235 ಕನ್ನಡದವು. ಅಲ್ಲಿ ಮುಂದಿರುವ ಮಕ್ಕಳು ಹಿಂದಿರುವ ಮಕ್ಕಳಿಗೆ ಹೇಳಿಕೊಡುತ್ತಾರೆ, ಹೇಳಿಕೊಡುತ್ತಲೇ ತಮ್ಮ ಪಾಠವನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ ಎಂದು ಆತ ಮೆಚ್ಚಿ ಬರೆದ. ಅದಕ್ಕೂ ಮೊದಲು, 1789ರಲ್ಲಿ, ಮದ್ರಾಸಿನ ಎಗ್ಮೋರಿನ ಗಂಡುಮಕ್ಕಳ ಅನಾಥಾಶ್ರಮದ ಶಾಲೆಗೆ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮೇಲ್ವಿಚಾರಕನಾದ. ಊರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ನೋಡಿ ತನ್ನ ಶಾಲೆಯಲ್ಲೂ ಹಾಗೇ ಮಾಡಿ ಅಂದ. ಅಲ್ಲಿನ ಮೇಷ್ಟ್ರುಗಳು ಆಗೋದಿಲ್ಲ ಅಂದರು. ಬೆಲ್ ಎಂಟು ವರ್ಷದ ಒಬ್ಬ ಹುಡುಗನನ್ನು ಕರೆದು ಆ ಕೆಲಸ ಒಪ್ಪಿಸಿದ. ಹುಡುಗ ಮಾಡಿ ತೋರಿಸಿದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ವರದಿಯಿಂದ ಇದು ಇಂಗ್ಲೆಂಡಿಗೆಲ್ಲ ಹರಡಿ "ಮದ್ರಾಸ್ ಪದ್ಧತಿ" ಅಂತಲೇ ಹೆಸರಾಯಿತು. ನಮ್ಮ ಮರಳಿನ ಮೇಲೆ ಹುಟ್ಟಿದ್ದನ್ನು ನಾವು ಹೊರಗಿನವರಿಂದ ಕಲಿಯುವ ಹಾಗೆ ಆಗಿದೆ!

ಕಾಲೇಜು ಮಟ್ಟದಲ್ಲಿ ಇದನ್ನು ಚೆನ್ನಾಗಿ ಮಾಡಿದವರು ಅಮೆರಿಕದವರು. 1973ರಲ್ಲಿ ಕಾನ್ಸಾಸ್ ಸಿಟಿಯ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ಎಂಬ ಮಹಿಳೆ ಒಂದು ಕ್ರಮ ಶುರು ಮಾಡಿದರು. ಅವರು ದಡ್ಡರು ಯಾರು ಅಂತ ಹುಡುಕಲಿಲ್ಲ. ಹೆಚ್ಚು ಜನ ಫೇಲಾಗುವ ಪೇಪರ್ ಯಾವುದು ಅಂತ ಹುಡುಕಿದರು. ಆ ಪೇಪರನ್ನು ಹಿಂದೆ ಪಾಸು ಮಾಡಿದ ವಿದ್ಯಾರ್ಥಿಯೊಬ್ಬ ಮತ್ತೆ ಅದೇ ತರಗತಿಯಲ್ಲಿ ಕೂತು ಪಾಠ ಕೇಳಿ, ಆಮೇಲೆ ಬೇಕಾದವರನ್ನೆಲ್ಲ ಸೇರಿಸಿಕೊಂಡು ಓದಿಸುತ್ತಾನೆ. ಯಾರು ಬೇಕಾದರೂ ಬರಬಹುದು, ಬುದ್ಧಿವಂತರೂ ಬರಬಹುದು. ಹೀಗಾಗಿ ಬರುವವರಿಗೆ ನಾಚಿಕೆ ಇಲ್ಲ.

ನಮ್ಮಲ್ಲಿ ಏನಾಗುತ್ತದೆ? ನ್ಯಾಕ್ ತಂಡ ಬರುತ್ತದೆ ಅಂದರೆ "ಸ್ಲೋ ಲರ್ನರ್ಸ್" ಎಂಬ ಒಂದು ಫೈಲ್ ತಯಾರಾಗುತ್ತದೆ. ಹೆಸರಿನ ಪಟ್ಟಿ, ಸಹಿ, ಒಂದು ಫೋಟೋ. ಯಾವ ಹದಿನೆಂಟರ ಮಗು "ನಾನು ಸ್ಲೋ" ಅಂತ ಸಹಿ ಹಾಕಿ ಖುಷಿಯಾಗಿ ಬರುತ್ತದೆ? ದಯವಿಟ್ಟು ಆ ಪದವನ್ನು ಬಿಟ್ಟುಬಿಡಿ. ಬರ್ಕ್ಲಿಯಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತದ ಮೇಷ್ಟ್ರು 1970ರ ದಶಕದಲ್ಲಿ ಇದನ್ನೇ ಕಂಡರು. ಕ್ಯಾಲ್ಕುಲಸ್‌ನಲ್ಲಿ ಸೋಲುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಸೋಮಾರಿಗಳಾಗಿರಲಿಲ್ಲ, ಮನೆಯವರ ಬೆಂಬಲವೂ ಇತ್ತು. ಆದರೆ ಬಹುತೇಕ ಎಲ್ಲರೂ ಒಬ್ಬೊಬ್ಬರೇ ರೂಮಿನಲ್ಲಿ ಕೂತು ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ಮೊದಲು ಒಬ್ಬರೇ ಓದಿ, ಆಮೇಲೆ ಗುಂಪಾಗಿ ಕೂತು, ಊಟದ ಜೊತೆ ಲೆಕ್ಕವನ್ನೂ ಹಂಚಿಕೊಳ್ಳುತ್ತಿದ್ದರು. ಟ್ರೈಸ್ಮನ್ ಸೋಲುತ್ತಿದ್ದವರಿಗೆ ಸುಲಭದ ಪಾಠ ಕೊಡಲಿಲ್ಲ. ಎಲ್ಲರನ್ನೂ ಸೇರಿಸಿ ಇನ್ನೂ ಕಷ್ಟದ ಲೆಕ್ಕ ಕೊಟ್ಟು, ಕೂಡಿ ಬಿಡಿಸಿ ಅಂದರು. ಅವರು ಬಿಡಿಸಿದರು.

ನಮ್ಮದೇ ಒಂದು ಉದಾಹರಣೆ ಹೇಳುತ್ತೇನೆ. ರಸಾಯನಶಾಸ್ತ್ರದ ಒಂದು ಗುಂಪಿನಲ್ಲಿ ಐದು ಜನ ಕೂತಿದ್ದರು. ಮೋಲ್ ಅಂದರೇನು ಅಂತ ಯಾರಿಗೂ ತಲೆಗೆ ಹೋಗಿರಲಿಲ್ಲ. ಹೇಳಿಕೊಡುತ್ತಿದ್ದ ಅಂತಿಮ ವರ್ಷದ ಹುಡುಗ, "ನಿಮ್ಮ ಮನೆಯಲ್ಲಿ ಔಷಧಿ ಹೊಡೆಯೋದಕ್ಕೆ ಬೋರ್ಡೋ ಹೇಗೆ ಕಲಸ್ತಾರೆ?" ಅಂತ ಕೇಳಿದ. ಲೈನ್ ಮನೆಯ ಒಬ್ಬ ಹುಡುಗಿ, ಅದುವರೆಗೂ ಬಾಯೇ ಬಿಡದವಳು, ಪಟಪಟ ಹೇಳಿದಳು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಆಮೇಲೆ ಅಪ್ಪ ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡ್ತಾರೆ. ಕತ್ತಿ ಕೆಂಪಾದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತೆ.

ಆ ಕತ್ತಿಯ ಕೆಂಪೇ ತಾಮ್ರ! ದ್ರಾವಣದಲ್ಲಿ ಇನ್ನೂ ಬಿಡಿಯಾಗಿ ಉಳಿದಿರುವ ತಾಮ್ರವನ್ನು ಕಬ್ಬಿಣ ಹೊರಗೆ ತಳ್ಳಿ, ತಾನು ದ್ರಾವಣಕ್ಕೆ ಇಳಿಯುತ್ತದೆ. ಪುಸ್ತಕದಲ್ಲಿ ಇದಕ್ಕೆ ಸ್ಥಾನಪಲ್ಲಟ ಕ್ರಿಯೆ ಅನ್ನುತ್ತಾರೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಗಟ್ಟಿಯಾಗಿ ಬೇರೆಯಾಗಿರುತ್ತದೆ, ಕತ್ತಿಗೆ ಹತ್ತುವುದಿಲ್ಲ. ಅಲ್ಲಿಂದ ಲೆಕ್ಕಕ್ಕೆ ಹೋದರು. ಮೈಲುತುತ್ತದ ಒಂದು ಮೋಲ್ ಸುಮಾರು 250 ಗ್ರಾಂ, ಹಾಗಾದರೆ ಒಂದು ಕೆ.ಜಿ.ಯಲ್ಲಿ ನಾಲ್ಕು ಮೋಲ್. ಅರಳಿದ ಸುಣ್ಣದ ಒಂದು ಮೋಲ್ 74 ಗ್ರಾಂ, ಹಾಗಾದರೆ ಒಂದು ಕೆ.ಜಿ.ಯಲ್ಲಿ ಹದಿಮೂರೂವರೆ. ತೂಕ ಒಂದೇ, ಮೋಲ್ ಬೇರೆ. ಇಷ್ಟು ಗೊತ್ತಾದ ಮೇಲೆ ಮೋಲ್ ಗೊತ್ತಾದ ಹಾಗೆಯೇ. ಆ ದಿನ ತೋಟದ ಸಾಹುಕಾರರ ಮನೆಯ ಹುಡುಗನೊಬ್ಬ ಅದೇ ಬೆಂಚಿನಲ್ಲಿ ಕೂತು, ಕತ್ತಿ ಅದ್ದುವುದು ಯಾಕೆ ಅಂತ ಆ ಹುಡುಗಿಯಿಂದ ಹೇಳಿಸಿಕೊಂಡ. ಅವನ ಮನೆಯ ಬ್ಯಾರೆಲ್‌ನಲ್ಲೂ ಪ್ರತಿ ವರ್ಷ ಅದನ್ನೇ ಕಲಸುತ್ತಾರೆ. ಇದು ಬರೀ ರಸಾಯನಶಾಸ್ತ್ರದ ಪಾಠ ಆಗಿರಲಿಲ್ಲ ಅಂತ ನನಗನ್ನಿಸುತ್ತದೆ.

ಈಗ ಹೇಳಿಕೊಡುವವರಿಗೆ ನಾಲ್ಕು ಮಾತು. ರ‍್ಯಾಂಕ್ ಬಂದವರೇ ಬೇಕು ಅಂತ ನಾನು ಹೇಳುವುದಿಲ್ಲ. ಒಮ್ಮೆ ಸಬ್ಜೆಕ್ಟ್ ಹೋಗಿ ಮತ್ತೆ ಕಟ್ಟಿ ಪಾಸಾದವರು ಎಷ್ಟೋ ಸಲ ಚೆನ್ನಾಗಿ ಹೇಳಿಕೊಡುತ್ತಾರೆ, ಎಲ್ಲಿ ಕಾಲು ಜಾರುತ್ತದೆ ಅಂತ ಅವರಿಗೆ ಗೊತ್ತು. ಗುಂಪಿನಲ್ಲಿ ಆರು ಜನ ಸಾಕು. ಸಮಯ ಬಸ್ಸಿನ ವೇಳೆ ನೋಡಿಕೊಂಡು ಇಡಿ. ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಹೊರಡಬೇಕು. ಕಾಲೇಜಿನ ಕೋಣೆಯಲ್ಲೇ, ಬಾಗಿಲು ತೆರೆದುಕೊಂಡು ಕೂತರೆ ಮನೆಯವರಿಗೂ ಸಮಾಧಾನ. ಕನ್ನಡದಲ್ಲಿ ಧಾರಾಳವಾಗಿ ಮಾತಾಡಿ, ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಪದವನ್ನು ಪಕ್ಕದಲ್ಲಿ ಬರೆಸಿ. ಯಾರ ಪ್ರಾಕ್ಟಿಕಲ್ ರೆಕಾರ್ಡನ್ನೂ ನೀವು ಬರೆದುಕೊಡಬೇಡಿ. ಚಾಕ್‌ಪೀಸ್ ಅವರ ಕೈಯಲ್ಲಿರಲಿ. ಉತ್ತರ ನಾಲಿಗೆಯ ತುದಿಗೆ ಬಂದಿದ್ದರೂ ಸ್ವಲ್ಪ ತಡೆದುಕೊಂಡು "ಇಲ್ಲಿವರೆಗೆ ಹೇಗೆ ಬಂದೆ, ಹೇಳು" ಅಂತ ಕೇಳಿ. ಇದು ಬಹಳ ಕಷ್ಟ, ನನಗೂ ಬಾಯಿ ಕಟ್ಟಿಕೊಳ್ಳುವುದು ಬರುವುದಿಲ್ಲ! ನಿಮಗೇ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ನಾಳೆ ಇಬ್ಬರೂ ಸೇರಿ ಉಪನ್ಯಾಸಕರನ್ನು ಕೇಳಿ.

ಓದಿಗಿಂತ ದೊಡ್ಡ ಭಾರ ಹೊತ್ತು ಬರುವವರೂ ಇರುತ್ತಾರೆ. ಊಟ ಬಿಟ್ಟವರು, ನಿದ್ದೆ ಬಿಟ್ಟವರು, "ಸಾಕಾಗಿದೆ ಅಕ್ಕ" ಅನ್ನುವವರು. ಅದನ್ನು ನೀವೊಬ್ಬರೇ ಹೊರಬೇಡಿ, ಗುಟ್ಟಾಗಿಯೂ ಇಡಬೇಡಿ. ಅವರ ಜೊತೆಯಲ್ಲೇ ಇದ್ದುಕೊಂಡು, ನಂಬಿಕೆಯ ಒಬ್ಬ ಉಪನ್ಯಾಸಕರಿಗೋ ವಾರ್ಡನ್‌ಗೋ ಅದೇ ದಿನ ತಿಳಿಸಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೇಳಿಕೊಡುವವರಿಗೆ ಏನಾದರೂ ಕೊಡಬೇಕೇ ಎಂಬ ಪ್ರಶ್ನೆ ಬಂದಿದೆ. ಸೇವೆ ಅಂದಮೇಲೆ ದುಡ್ಡೇಕೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೇಳಿಕೊಡುವವನೂ ಬಡವರ ಮನೆಯವನೇ, ಅವನಿಗೂ ಹಸಿವಾಗುತ್ತದೆ. ಬಸ್ ಚಾರ್ಜು, ಒಂದು ಟೀ, ಎರಡು ಬನ್ನು, ಇಷ್ಟಾದರೂ ಹಳೇ ವಿದ್ಯಾರ್ಥಿಗಳೋ ಊರಿನವರೋ ಕೊಡಬೇಕು.

ಉಪನ್ಯಾಸಕರ ಜಾಗವನ್ನು ಮಕ್ಕಳಿಂದ ತುಂಬಿಸಿ ಸುಮ್ಮನಾಗೋಣ ಅಂತ ಯಾರಾದರೂ ಯೋಚಿಸಿದ್ದರೆ ಅದು ಬೇಡ. ಖಾಲಿ ಹುದ್ದೆ ಖಾಲಿಯೇ. ಲ್ಯಾಬಿನಲ್ಲಿ ಕೆಮಿಕಲ್ ಇಲ್ಲದಿದ್ದರೆ ಯಾವ ಅಕ್ಕ, ಯಾವ ಅಣ್ಣ ಹೇಳಿಕೊಟ್ಟರೂ ಟೈಟ್ರೇಷನ್ ಬರುವುದಿಲ್ಲ. ಅದಕ್ಕಾಗಿ ಪೋಷಕರು ಪ್ರಾಂಶುಪಾಲರನ್ನೂ ಶಾಸಕರನ್ನೂ ಕೇಳಬೇಕು. ಬರೀ ಬಾಯಿಮಾತಲ್ಲ, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ತಾಯಂದಿರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಪರೀಕ್ಷೆಗೆ ಮುಂಚಿನ ಎರಡು ವಾರ ಮಗಳನ್ನು ಕುಯ್ಲಿಗೆ ಕರೆಯಬೇಡಿ. ಆ ಕೂಲಿ ಎಷ್ಟಾಗುತ್ತದೆ ಅಂತ ನನಗೂ ಗೊತ್ತು, ಸುಲಭ ಅಂತ ನಾನು ಹೇಳುತ್ತಿಲ್ಲ. ಸಂಘದ ಉಳಿತಾಯದಿಂದ ಆ ಎರಡು ವಾರಕ್ಕೆ ಸಣ್ಣ ಸಾಲ ಕೊಡಬಹುದೇ ಅಂತ ನಿಮ್ಮ ವಾರದ ಸಭೆಯಲ್ಲಿ ಮಾತಾಡಿ. ಮನೆ ಕಟ್ಟೋದಕ್ಕೆ, ಮದುವೆಗೆ ಕೊಡುತ್ತೀರಿ. ಇದಕ್ಕೂ ಕೊಡಬಹುದು.

ವಿದ್ಯಾರ್ಥಿಗಳು ಊಟಕ್ಕೆ ಏಳುವ ಮೊದಲು ಬಾಗಿಲ ಬಳಿ ಇಟ್ಟಿರುವ ಎರಡು ಪುಸ್ತಕ ನೋಡಿ. ಒಂದರಲ್ಲಿ ಯಾವ ಪೇಪರ್ ಕಷ್ಟವಾಗುತ್ತಿದೆ ಅಂತ ಬರೆಯಿರಿ, ಹೆಸರು ಬೇಡ. ಇನ್ನೊಂದರಲ್ಲಿ ಯಾವ ಪೇಪರ್ ಹೇಳಿಕೊಡಬಲ್ಲಿರಿ, ನಿಮ್ಮ ಕೊನೇ ಬಸ್ ಎಷ್ಟಕ್ಕೆ ಅಂತ ಬರೆಯಿರಿ, ಇದಕ್ಕೆ ಹೆಸರು ಬೇಕು. ಒಬ್ಬರೇ ಎರಡರಲ್ಲೂ ಬರೆಯಬಹುದು. ಹಳೇ ಪ್ರಶ್ನೆಪತ್ರಿಕೆ ಇದ್ದವರು ಬರುವ ಶನಿವಾರ ತನ್ನಿ, ಜೆರಾಕ್ಸ್ ಮಾಡಿಸಿ ವಾಪಸ್ ಕೊಡುತ್ತೇವೆ.