ಸರಕಿಗೊಂದು ಕನ್ನಡದ ಹೆಸರು



1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ನಮ್ಮಲ್ಲಿ ಎಷ್ಟೋ ಮನೆತನಗಳು ವಲಸೆ ಬಂದವಲ್ಲ, ಗಡಿಯೇ ಸರಿಯಿತು. ಇಂದು ಮಲ್ಕಾಜ್‌ಗಿರಿಯಲ್ಲಿ ಅಕ್ಕಿಬೇಳೆಯನ್ನು ಮೊಬೈಲಿನಲ್ಲಿ ಕೇಳಿದೊಡನೆ ಬಾಗಿಲಿಗೆ ಬರುತ್ತದೆ. ಆದರೆ ಯಾವ ಹೆಸರಿನಿಂದ ಕೇಳುವುದು? ಗುರೆಳ್ಳಿಗೆ ತೆಲುಗಿನಲ್ಲಿ ವೆರ್ರಿನುವ್ವುಲು, ಇಂಗ್ಲಿಷಿನಲ್ಲಿ ನೈಜರ್. ಕನ್ನಡವಷ್ಟೇ ಓದಬಲ್ಲ ಹಿರಿಯ ತಾಯಿ ಹಿಂಡಿ ಕುಟ್ಟುವುದನ್ನೇ ಬಿಡುತ್ತಾಳೆ. ಅಡುಗೆಮನೆಯ ಕನ್ನಡ ಅಳಿಯುವುದು ಹೀಗೆ, ಸದ್ದಿಲ್ಲದೆ.

ಸಂಘವೇ ಕನ್ನಡದಲ್ಲಿ ಸರಕಿನ ಪಟ್ಟಿ ಸಿದ್ಧಪಡಿಸಲಿ. ದೂರವಾಣಿಯಲ್ಲಿ ಹೇಳಿದ್ದನ್ನೂ ಬರೆದುಕೊಳ್ಳಲಿ. ಅರ್ಧ ಕಿಲೋ ಬ್ಯಾಡಗಿ ಮೆಣಸಿನಕಾಯಿ ತರಿಸಿದರೆ ಸಾಗಣೆಯೇ ದುಬಾರಿ; ಐವತ್ತು ಮನೆಗಳ ಬೇಡಿಕೆ ಕೂಡಿದರೆ ಮೂಟೆಯೇ ಬಂದೀತು. ಕೇಂದ್ರ ಸರ್ಕಾರದ ಉಪಕ್ರಮವಾಗಿ 2021ರಲ್ಲಿ ಸ್ಥಾಪನೆಯಾದ ಓಎನ್‌ಡಿಸಿ ಜಾಲದಲ್ಲಿ ಸಣ್ಣ ಮಾರಾಟಗಾರರಿಗೂ ಸ್ಥಾನವಿದೆ; ಅದು ಮುಂದಿನ ಮಾತು. ಸೇವಾನಿಯಮಗಳಿಗೆ ಬದ್ಧನಾದ ನಾನು ವ್ಯಾಪಾರ ನಡೆಸಲಾರೆ. ಗಣಕ ಬಲ್ಲ ತರುಣರು, ಸರಕು ಬಲ್ಲ ಗೃಹಿಣಿಯರು ಇಂದೇ ಹೆಸರು ಕೊಡಬೇಕೆಂದು ವಿನಂತಿ.