ಉರುಳಿದ ಕಲ್ಲನ್ನು ಮತ್ತೆ ಮುಚ್ಚುವುದೇಕೆ?

(ಪಾಸ್ಖ ಹಬ್ಬದ ಪ್ರಬೋಧನೆ)



ಪ್ರಭು ಪುನರುತ್ಥಾನ ಹೊಂದಿದ್ದಾರೆ, ಅಲ್ಲೆಲೂಯ! ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ನಾವೆಲ್ಲರೂ ಒಂದೊಂದು ವ್ರತ ಹಿಡಿದೆವು. ಕೆಲವರು ಮಾಂಸ ಬಿಟ್ಟೆವು, ಕೆಲವರು ಟಿ.ವಿ. ಧಾರಾವಾಹಿ ಬಿಟ್ಟೆವು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ನಮ್ಮ ಕುಟುಂಬಗಳಲ್ಲಿ ಹಲವು ಗಂಡಸರು ಬೀಡಿ, ಸಿಗರೇಟು ಬಿಟ್ಟರು. ಇದು ಸಣ್ಣ ತಪಸ್ಸಲ್ಲ. ಮೊದಲ ವಾರದ ಆ ಸಿಡುಕು, ನಿದ್ದೆ ಬಾರದ ಹೊರಳಾಟ ಎಲ್ಲವನ್ನೂ ಸಹಿಸಿದ ಮನೆಯ ತಾಯಂದಿರಿಗೂ ಆ ತಪಸ್ಸಿನಲ್ಲಿ ಅರ್ಧ ಪಾಲು ಸಲ್ಲಬೇಕು.

ಆದರೆ ಪ್ರತಿ ವರ್ಷ ಪಾಸ್ಖ ಹಬ್ಬದ ಬೆಳಿಗ್ಗೆ ಬಲಿಪೂಜೆ ಮುಗಿಯುತ್ತಲೇ ಗೂಡಂಗಡಿಯ ಮುಂದೆ ನಾಲ್ಕಾರು ಜನ ನಿಂತಿರುತ್ತಾರೆ. "ವ್ರತ ಮುಗೀತಲ್ರೀ ಫಾದರ್" ಎಂಬ ಮಾತು ಬೇರೆ! ವ್ರತ ಮುಗಿಯಿತು, ಸರಿ. ಏನು ಗಳಿಸಿದೆವು, ಏನನ್ನು ಕಳೆಯಲು ಹೊರಟಿದ್ದೇವೆ ಎಂಬುದನ್ನು ಮಾತ್ರ ಒಮ್ಮೆ ಲೆಕ್ಕ ಹಾಕೋಣ.

ವಿಭೂತಿ ಬುಧವಾರದಿಂದ ನಿನ್ನೆಯ ತನಕ, ಭಾನುವಾರಗಳೂ ಸೇರಿ, 46 ದಿನ. ತಂಬಾಕಿನಲ್ಲಿರುವ ನಿಕೋಟಿನ್ ನಿಂತಾಗ ಮೊದಲ ಮೂರು ದಿನ ದೇಹ ಬಹಳ ಹಟ ಮಾಡುತ್ತದೆ. ಸಿಟ್ಟು, ತಲೆನೋವು, ಚಡಪಡಿಕೆ ಆಗಲೇ ಹೆಚ್ಚು. ಎರಡರಿಂದ ನಾಲ್ಕು ವಾರಗಳಲ್ಲಿ ಅದು ಬಹುಮಟ್ಟಿಗೆ ಇಳಿಯುತ್ತದೆ. ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕೆ ತೊಡಗಿ ಕಫವನ್ನು ಹೊರದಬ್ಬುತ್ತವೆ. ಅದರಿಂದ ಕೆಲವರಿಗೆ ಕೆಲವು ವಾರ ಕೆಮ್ಮು ಹೆಚ್ಚುವುದುಂಟು. "ಬಿಟ್ಟಿದ್ದಕ್ಕೇ ಕೆಮ್ಮು ಬಂತು" ಎಂದು ಹೆದರಿ ಮತ್ತೆ ಹಚ್ಚಿದವರೂ ಇದ್ದಾರೆ! ಒಂದು ವರ್ಷ ಹೀಗೆಯೇ ನಡೆದರೆ ಹೃದಯಾಘಾತದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತಾರೆ ವೈದ್ಯರು. ಅಂದರೆ 46 ದಿನ ವ್ರತ ಪಾಲಿಸಿದವನು ಈ ಬೆಳಿಗ್ಗೆ ಕಡಿದಾದ ಏರನ್ನು ಹತ್ತಿ ಮುಗಿಸಿ ನಿಂತಿದ್ದಾನೆ. ಈಗ ಒಂದು ಬೀಡಿ ಹಚ್ಚುವುದೆಂದರೆ, ಸಮಾಧಿಯ ಬಾಗಿಲಿನಿಂದ ಉರುಳಿದ ಕಲ್ಲನ್ನು ನಾವೇ ಬೆನ್ನು ಕೊಟ್ಟು ಮತ್ತೆ ಮುಚ್ಚಿದಂತೆ.

ಇನ್ನು ಉಳಿದಿರುವುದು ಬಹುಪಾಲು ರೂಢಿ. ಚಹಾ ಕುಡಿದೊಡನೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ರಾಣೆಬೆನ್ನೂರಿನ ನಿಲ್ದಾಣದಲ್ಲಿ ಬಸ್ಸು ತಡವಾದರೆ ಹೋಗುತ್ತದೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ಪಕ್ಕ ಟೆಂಡರಿನ ದರಕ್ಕಾಗಿ ಕಾಯುವಾಗ ಹೋಗುತ್ತದೆ. ದರ ಬಿದ್ದ ದಿನವಂತೂ ಕೇಳುವುದೇ ಬೇಡ. 2024ರ ಮಾರ್ಚ್ 11ರಂದು ದರ ಕುಸಿದು ಆ ಮಾರುಕಟ್ಟೆಯಲ್ಲಿ ಬೆಂಕಿ ಬಿದ್ದದ್ದು ತಪಸ್ಸುಕಾಲದ ನಡುವೆಯೇ. ಅಂಥ ದಿನ ವ್ರತ ಮುರಿದವನನ್ನು ಹಂಗಿಸಲು ನಮಗೆ ಮನಸ್ಸು ಬಾರದು. ಆದರೆ ಬೀಡಿ ಸೇದಿದ್ದರಿಂದ ಕ್ವಿಂಟಲಿಗೆ ಒಂದು ರೂಪಾಯಿಯೂ ಏರಲಿಲ್ಲ ಎಂಬುದು ಅವನಿಗೂ ಗೊತ್ತು.

ಸೇದಬೇಕೆಂಬ ಆಸೆ ಒಮ್ಮೆ ಎದ್ದರೆ ಸಾಮಾನ್ಯವಾಗಿ ಐದು-ಹತ್ತು ನಿಮಿಷ ಇರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಒಂದು ಲೋಟ ನೀರು ಕುಡಿಯೋಣ, ಜಾಗ ಬಿಟ್ಟು ಎದ್ದು ನಡೆಯೋಣ, ಬಾಯಿಗೊಂದು ಏಲಕ್ಕಿ ಹಾಕಿಕೊಳ್ಳೋಣ. (ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯವರಿಗೆ ಇದನ್ನು ಬೇರೆ ಹೇಳಬೇಕೆ!) ಜಪಮಾಲೆಯ ಒಂದೆರಡು ರಹಸ್ಯ ಹೇಳಿ ಮುಗಿಸುವಷ್ಟರಲ್ಲಿ ಆ ಹೊತ್ತು ದಾಟಿರುತ್ತದೆ. ಬೀಡಿಯ ಬದಲು ಗುಟ್ಕಾ, ಎಲೆ-ಅಡಿಕೆಯ ಜೊತೆ ತಂಬಾಕು ಮಾತ್ರ ಬೇಡ. ಅದೇ ವಿಷ ಬೇರೆ ಬಾಗಿಲಿನಿಂದ ಒಳಗೆ ಬಂದಂತಾಗುತ್ತದೆ.

ಆದರೆ ಜೀವನಪೂರ್ತಿ ಹೀಗಿರಲು ಸಾಧ್ಯವೇ ಎಂಬ ಯೋಚನೆಯೇ ಅನೇಕರ ಎದೆಗುಂದಿಸುತ್ತದೆ. ಸಂತ ಮಾರ್ಕನ ಶುಭಸಂದೇಶದಲ್ಲಿ ಬೆಳಗಿನ ಜಾವ ಸಮಾಧಿಗೆ ಹೊರಟ ಸ್ತ್ರೀಯರನ್ನು ನೋಡೋಣ. ಕಲ್ಲನ್ನು ಉರುಳಿಸುವವರು ಯಾರೆಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಆದರೂ ಅವರು ಮನೆಯಲ್ಲಿ ಕೂರಲಿಲ್ಲ. ಸುಗಂಧ ದ್ರವ್ಯ ಹಿಡಿದು ನಡೆದರು.

ಐರ್ಲೆಂಡಿನ ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್ (1856–1925) ಹುಡುಗನಾಗಿದ್ದಾಗಲೇ ಕುಡಿತಕ್ಕೆ ಬಿದ್ದಿದ್ದರು. 1884ರಲ್ಲಿ ಅವರು ಮೂರು ತಿಂಗಳಿಗೆ ಮಾತ್ರ ಪ್ರತಿಜ್ಞೆ ಮಾಡಿದರು. ಅದು ಮುಗಿದ ಮೇಲೆ ಆರು ತಿಂಗಳು. ಆಮೇಲೆ ಜೀವಮಾನಕ್ಕೆ. ಮುಂದೆ ತಂಬಾಕನ್ನೂ ಬಿಟ್ಟರು. 1975ರಲ್ಲಿ ಪೋಪ್ ಆರನೇ ಪೌಲರು ಅವರನ್ನು 'ಪೂಜ್ಯ'ರೆಂದು ಘೋಷಿಸಿದರು. ದಿನವೂ ಬಲಿಪೂಜೆಗೆ ಹೋಗಿ ಕೂಲಿಗೆ ನಡೆದ ಮನುಷ್ಯ, ಹಮಾಲಿ ಮಾಡುವ ನಮ್ಮ ಅಣ್ಣ-ತಮ್ಮಂದಿರ ಹಾಗೆಯೇ.

ನಮಗೂ ಮೆಟ್ಟಿಲುಗಳಿವೆ. ಇಂದಿನಿಂದ ಐವತ್ತನೆಯ ದಿನಕ್ಕೆ ಪೆಂತೆಕೋಸ್ತ್ ಹಬ್ಬ. ಮೊದಲು ಅಲ್ಲಿಯವರೆಗೆ ಮಾತು ಕೊಡೋಣ. ಆಮೇಲೆ ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬ, ಆಮೇಲೆ ಕ್ರಿಸ್‌ಮಸ್. ನಡುವೆ ಜಾರಿದರೆ? ಪೇತ್ರನು ಮೂರು ಸಲ ಜಾರಿದನು. ಪುನರುತ್ಥಾನ ಹೊಂದಿದ ಪ್ರಭು ಸರೋವರದ ದಂಡೆಯಲ್ಲಿ ಮೂರು ಸಲವೂ ಅವನ ಪ್ರೀತಿಯನ್ನೇ ಕೇಳಿದರು, ಹಳೆಯ ಲೆಕ್ಕ ತೆಗೆಯಲಿಲ್ಲ. ಒಂದು ಬೀಡಿ ಸೇದಿದೆನೆಂದು ಇಡೀ ಕಟ್ಟನ್ನು ಮುಗಿಸಬೇಕಾಗಿಲ್ಲ.

ಮನೆಯವರಿಗೂ ಒಂದು ಮಾತು. ಲಾಜರನು ಜೀವಂತವಾಗಿ ಹೊರಬಂದರೂ ಕೈಕಾಲಿನ ಬಟ್ಟೆ ಬಿಚ್ಚುವ ಕೆಲಸವನ್ನು ಪ್ರಭು ಸುತ್ತ ನಿಂತವರಿಗೆ ವಹಿಸಿದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಒಂದು ಹಿಡಿ ಹುರಿದರೆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿ ಕಿಟಕಿ ತೆಗೆಯುತ್ತೇವೆ. ಅಪ್ಪನ ಬೀಡಿ ಹೊಗೆ ತೊಟ್ಟಿಲ ಕೂಸಿನ ಎದೆಗೆ ಇಳಿಯುವಾಗ ಮಾತ್ರ ಸುಮ್ಮನಿರುತ್ತೇವೆ. ಸುಮ್ಮನಿರುವುದು ಬೇಡ, ಚುಚ್ಚುವುದೂ ಬೇಡ. "ಅಪ್ಪಾ, ಇವತ್ತಿಗೆ ಎಷ್ಟು ದಿನ ಆಯ್ತು?" ಎಂದು ಮಗು ದಿನಾ ಸಂಜೆ ಕೇಳಲಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಉಳಿದ ಹಣ ಒಂದು ಡಬ್ಬಿಗೆ ಬೀಳಲಿ.

ಒಬ್ಬರಿಂದಲೇ ಆಗದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356. 2018ರಿಂದ ಈ ಸಂಖ್ಯೆಯನ್ನು ಬೀಡಿ, ಸಿಗರೇಟಿನ ಪ್ಯಾಕೆಟ್ಟಿನ ಮೇಲೆಯೇ ಅಚ್ಚು ಹಾಕುತ್ತಾರೆ. ಇಷ್ಟು ವರ್ಷ ಆ ಪ್ಯಾಕೆಟ್ಟು ಕೈಯಲ್ಲಿ ಹಿಡಿದವರು ಒಮ್ಮೆಯಾದರೂ ಅದನ್ನು ಓದಿದ್ದೇವೆಯೇ?

ಪೆಂತೆಕೋಸ್ತ್ ಹಬ್ಬದ ಬಲಿಪೂಜೆಯ ನಂತರ ಆ ಡಬ್ಬಿಗಳನ್ನು ದೇವಾಲಯಕ್ಕೆ ತನ್ನಿರಿ, ಮಕ್ಕಳೇ ಎಣಿಸಲಿ. ಎಲ್ಲರಿಗೂ ಪಾಸ್ಖ ಹಬ್ಬದ ಶುಭಾಶಯಗಳು.